ಚಾಮಯ್ಯ ಮೇಷ್ಟ್ರ ಪಂಚಾಯಿತಿ

"ಅಲ್ರೀ ಸಾರೂ, ಆ ಹುಡುಗನ್ನ ಹಾಳು ಮಾಡಿದ್ದು ನಿಮ್ಮ ಮೇಷ್ಟ್ರೇ!"

ಪಕ್ಕದ ಮನೆಯ ಅಕ್ಕ ಈ ತೀರ್ಪು ಕೊಟ್ಟಾಗ ನನ್ನ ಬಾಯಲ್ಲಿ ಬೇವಿನಕಡ್ಡಿ ಇತ್ತು. ಬಾಯಲ್ಲಿ ಕಡ್ಡಿ ಇದ್ದವನು ವಾದ ಮಾಡಲಾರ ಅಂತ ಗೊತ್ತಿದ್ದೇ ಅವರು ಆ ಹೊತ್ತು ಸಾಧಿಸುತ್ತಾರೆ. ನಮ್ಮಿಬ್ಬರ ಹಿತ್ತಲ ನಡುವೆ ಇರುವುದು ಬೇತಂಚೆರ್ಲ ಬಂಡೆಯ ಬೇಲಿ, ಎದೆಯೆತ್ತರಕ್ಕೆ ಸಾಲಾಗಿ ನೆಟ್ಟ ಚಪ್ಪಡಿಗಳು. ಅದರ ಮೇಲೆ ಅಕ್ಕನ ಮೊಣಕೈ ಬಿತ್ತೆಂದರೆ ಅವತ್ತು ನನ್ನ ಸ್ನಾನ ತಡವಾಯಿತೆಂದೇ ಲೆಕ್ಕ. ಹಿಂದಿನ ರಾತ್ರಿ ಟಿವಿಯಲ್ಲಿ ‘ನಾಗರಹಾವು’ ಹಾಕಿದ್ದರು. ಆಂಧ್ರದ ನಮ್ಮ ಸಿ. ಬೆಳಗಲ್ ಕಡೆ ಮನೆಯೊಳಗೆ ಕನ್ನಡ ಆಡುವವರಿಗೂ ಸಂತೆ, ಕಚೇರಿ ಎಲ್ಲ ತೆಲುಗು. ಸಿನಿಮಾ ಮಾತ್ರ ಎರಡು ಭಾಷೆಯವೂ ನಮ್ಮವೇ.

"ನಿಮ್ಮ ಮೇಷ್ಟ್ರು" ಅಂದದ್ದು ನನ್ನನ್ನು ಚುಚ್ಚುವುದಕ್ಕೇ. ಆದೋನಿ ಕಡೆಯ ಕನ್ನಡ ಮಾಧ್ಯಮದ ಇಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತನಾದವನು ನಾನು. ಮೇಷ್ಟ್ರ ಪಾತ್ರದ ಕೆ.ಎಸ್. ಅಶ್ವಥ್ ಛತ್ರಿ ಹಿಡಿದು ತೆರೆಯ ಮೇಲೆ ಬಂದರೆ ಕೈ ತಾನಾಗಿ ನಮಸ್ಕಾರಕ್ಕೆ ಏಳುತ್ತದೆ. ಕಡ್ಡಿ ಉಗುಳಿ, "ಏನಕ್ಕಾ, ಊರೆಲ್ಲ ಬೇಡವೆಂದ ರಾಮಾಚಾರಿಯನ್ನು ಪ್ರೀತಿಯಿಂದ ಕಂಡವರು ಚಾಮಯ್ಯ ಮೇಷ್ಟ್ರು ಒಬ್ಬರೇ" ಅಂದೆ.

"ಅದೇ ಮತ್ತ! ಅವನು ಬೇರೆ ಯಾರ ಮಾತೂ ಕೇಳಲ್ಲ ಅಂತ ಗೊತ್ತಿದ್ದೇ ಅಲ್ವಾ, ಅಲಮೇಲೂನ ಬಿಟ್ಟುಬಿಡು ಅಂತ ಅವರ ಕೈಲೇ ಹೇಳಿಸಿದ್ದು? ದ್ರೋಣಾಚಾರಿ ಹೆಬ್ಬೆರಳು ಕೇಳಿದ, ಅದು ಹುಡುಗನ್ದು. ಇವರು ಕೇಳಿದ್ದು ಬೇರೆಯವರ ಮನೆ ಮಗಳನ್ನ. ಆಕೀನ ಯಾರಾದ್ರೂ ಕೇಳಿದ್ರಾ?"

ನಾನು ಸುಮ್ಮನಾದೆ. ನಿಜ, ಯಾರೂ ಕೇಳುವುದಿಲ್ಲ. ರಾಮಾಚಾರಿ ಗುರುವಿಗಾಗಿ ಪ್ರೀತಿಯನ್ನು ಬಿಡುತ್ತಾನೆ, ನೋಡುವ ನಮಗೆ ಅವನ ತ್ಯಾಗಕ್ಕೆ ಕಣ್ಣೀರು. ಅಲಮೇಲುವನ್ನು ಯಾರಿಗೋ ಕೊಟ್ಟು ಮದುವೆ ಮಾಡುತ್ತಾರೆ. ಮುಂದೆ ಅವನು ಅವಳನ್ನು ಕಾಣುವುದು ಮೈ ಮಾರಿಕೊಂಡು ಬದುಕುವ ಸ್ಥಿತಿಯಲ್ಲಿ. ಆಗಲೂ ನಾವು ಅಳುವುದು ರಾಮಾಚಾರಿಗಾಗಿಯೇ. ಕಡೆಗೆ ಅವನು ಪ್ರೀತಿಸಿದ ಮಾರ್ಗರೆಟ್ ವಿಷಯದಲ್ಲೂ ಮೇಷ್ಟ್ರು ಅದೇ ಪಟ್ಟು ಹಾಕುತ್ತಾರೆ, ಈ ಸಲ ಹುಡುಗ ಬಗ್ಗುವುದಿಲ್ಲ. ಚಿತ್ರದುರ್ಗದ ಬೆಟ್ಟದಿಂದ ಮೂವರೂ ಬಿದ್ದು ಸಾಯುತ್ತಾರೆ.

ಇಸ್ಕೂಲಿನಲ್ಲಿ ನಾನು ಹೇಳಿಕೊಟ್ಟ ಪಾತ್ರ ಪರಿಚಯವೇ ಬೇರೆ. ಹುಡುಗರು ಅಂಕಕ್ಕೆ ತಕ್ಕಷ್ಟು ಗುಣ ಬರೆಯುತ್ತಿದ್ದರು: ಒರಟ, ಹಠಮಾರಿ, ಗುರುಭಕ್ತ, ಒಳಗೆ ಮುಗ್ಧ. ಗುಣಕ್ಕೊಂದು ಅಂಕ. ಅಕ್ಕ ಇಸ್ಕೂಲು ಬಿಟ್ಟದ್ದು ಹತ್ತಿ ಬಿಡಿಸುವ ವಯಸ್ಸಿಗೆ, ಅವರ ಬಾಯಲ್ಲಿ ಒಂದು ಗುಣವೂ ಬರುವುದಿಲ್ಲ. ಬಾಯಿ ಬಿಡಬೇಕಾದಾಗ ಯಾರು ಬಾಯಿ ಮುಚ್ಚಿಕೊಂಡಿದ್ದರು, ಅವರು ಕೇಳುವುದು ಇಷ್ಟೇ. ಊರಿನ ಪಂಚಾಯಿತಿಗಳಲ್ಲಿ ಕೂತು ಕಲಿತದ್ದಿರಬೇಕು. ನನ್ನ ಪರೀಕ್ಷೆಯಲ್ಲಿ ಅವರು ನಪಾಸು, ಆದರೆ ಕಥೆಯ ಬಾಗಿಲು ಅವರಿಗೇ ಬೇಗ ತೆರೆಯುತ್ತದೆ.

ಇನ್ನೊಂದು ಸಂಗತಿ ಇದೆ. ಈ ಕಥೆಯನ್ನು ಅಕ್ಕ ಮೊದಲು ನೋಡಿದ್ದು ತೆಲುಗಿನಲ್ಲಿ, ಟೂರಿಂಗ್ ಟಾಕೀಸಿನ ಡೇರೆಯೊಳಗೆ ನೆಲದ ಮೇಲೆ ಕೂತು. 1974ರ ‘ಕೋಡೆನಾಗು’. ಅಲ್ಲಿ ರಾಮಾಚಾರಿಯ ಜಾಗದಲ್ಲಿ ಶೋಭನ್ ಬಾಬು, ಮೇಷ್ಟ್ರಾಗಿ ಹಾಡು ಬರೆಯುತ್ತಿದ್ದ ಆಚಾರ್ಯ ಆತ್ರೇಯ. "ಶೋಭನ್ ಬಾಬುಗೆ ಸಿಟ್ಟು ಬಂದ್ರೂ ಹಣೆ ಮೇಲಿನ ಆ ಕೂದಲುಂಗುರ ಅಲ್ಲಾಡಲ್ಲ ಸಾರೂ. ಅವನು ಯಾರನ್ನ ಕಚ್ಚ್ಯಾನು?" ಅಂತ ಅಕ್ಕನೇ ನಗುತ್ತಾರೆ. ಆಗಲೇ ಹೆಂಗಸರ ಕಣ್ಮಣಿಯಾಗಿದ್ದ ನಟ ಆತ. ಜನ ರಾಮಾಚಾರಿಯನ್ನು ನೋಡಲು ಬಂದಿರಲಿಲ್ಲ, ಶೋಭನ್ ಬಾಬುವನ್ನು ನೋಡಲು ಬಂದಿದ್ದರು. ಅದೇ ವರ್ಷ ‘ನಾಗರಹಾವು’ ನಿರ್ದೇಶಿಸಿದ್ದ ಪುಟ್ಟಣ್ಣ ಕಣಗಾಲ್ ತಾವೇ ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ಮಾಡಿದರು, ರಿಷಿ ಕಪೂರ್‌ನನ್ನು ಹಾಕಿಕೊಂಡು. ‘ಬಾಬಿ’ಯ ಸಿಹಿ ಹುಡುಗ ಅವನು, ವಿಷ ಎಲ್ಲಿಂದ ಬರಬೇಕು? 1972ರ ಕನ್ನಡ ಚಿತ್ರಕ್ಕೆ ಸಿಕ್ಕ ಭಾಗ್ಯವೆಂದರೆ ನಾಯಕ ಹೊಸಬ. ವಿಷ್ಣುವರ್ಧನ್ ಅಂದರೆ ಯಾರು, ಹೇಗೆ ನಡೆಯುತ್ತಾನೆ, ಹೇಗೆ ನಗುತ್ತಾನೆ ಅನ್ನುವುದು ಜನಕ್ಕೆ ಇನ್ನೂ ಗೊತ್ತಿರಲಿಲ್ಲ. ಆ ಖಾಲಿ ಜಾಗದಲ್ಲಿ ರಾಮಾಚಾರಿ ಪೂರ್ತಿ ಬಂದು ಕೂತ. ಕಥೆ ಒಂದೇ, ಬೆಟ್ಟವೂ ಸರಿಸುಮಾರು ಒಂದೇ, ಮನುಷ್ಯ ಮೂರು.

ಬರೆದವರಿಗೂ ತಕರಾರಿತ್ತು. ತರಾಸು ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಮಾಡಿದ ಸಿನಿಮಾ ‘ನಾಗರಹಾವು’. ನನ್ನ ನಾಗರಹಾವನ್ನು ಕೇರೆಹಾವು ಮಾಡಿದರು ಅಂತ ಅವರು ನೊಂದುಕೊಂಡರೆಂಬ ಮಾತು ಸಿನಿಮಾದವರ ನಡುವೆ ಇವತ್ತಿಗೂ ಓಡಾಡುತ್ತದೆ. ಅಕ್ಕನಿಗೆ ಇದನ್ನು ಹೇಳಿದರೆ, "ಕೇರೆನೋ ನಾಗರನೋ, ಹೆಡೆ ಎತ್ತಿಸಿದ್ದು ಯಾರು ಅನ್ನೋದು ಹೇಳ್ರಿ" ಅಂದು ಮತ್ತೆ ಮೇಷ್ಟ್ರ ಹತ್ತಿರವೇ ಬಂದರು.

ಮಾತು ತಿರುಗಿಸಲು ‘ಬಂಗಾರದ ಮನುಷ್ಯ’ ಎತ್ತಿದೆ. ಅದೂ 1972ರದೇ. ರಾಜಕುಮಾರರ ರಾಜೀವನನ್ನು ಕಂಡು ಓದಿದ ಹುಡುಗರು ಹೊಲಕ್ಕೆ ಮರಳಿದರು ಅನ್ನುವ ಚಿತ್ರ, ಇದರಲ್ಲಾದರೂ ತಪ್ಪು ಹುಡುಕಲಾರರು ಅಂದುಕೊಂಡಿದ್ದೆ.

"ಒಂದು ಮಾತು ಹೇಳಿದ್ರೆ ಮುಗೀತಿತ್ತು. ಭಾವನ ಗುಟ್ಟಿನ ಸಂಸಾರ ಸಾಕ್ತಾ ಇದೀನಿ ಅಂತ ಅಕ್ಕನ ಮುಂದೆ ಹೇಳಿಬಿಟ್ರೆ ಅಳಿಯನ ಬಾಯಿ ಮುಚ್ಚೋದು. ಹೇಳದಂಗೆ ಊರು ಬಿಟ್ಟು ಹೋದ. ದೊಡ್ಡೋನು ಅನ್ನಿಸ್ಕೊಳ್ಳೋ ಆಸೆ ಅದು, ಇನ್ನೇನು?"

ಇದನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಸತ್ತ ಭಾವನ ಮರ್ಯಾದೆ, ವಿಧವೆ ಅಕ್ಕನ ನೆಮ್ಮದಿ ಎರಡನ್ನೂ ಕಾಯಬೇಕಾದವನು ಬಾಯಿ ಬಿಟ್ಟರೆ ಕಥೆ ಉಳಿಯುವುದೇ ಇಲ್ಲ. ಅಲಮೇಲುವಿನ ಮೌನ ಇನ್ನೊಬ್ಬರು ಹೊರಿಸಿದ್ದು, ರಾಜೀವನದು ಅವನೇ ಹೊತ್ತದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ ಅಂದೆ. ಅಕ್ಕ ಸೊಪ್ಪು ಸೋಸುತ್ತಾ, "ಗಂಡಸರದ್ದಾದ್ರೆ ಹೊತ್ತದ್ದು" ಅಂದರು. ಅದಕ್ಕೆ ನನ್ನಲ್ಲಿ ಉತ್ತರ ತಯಾರಿರಲಿಲ್ಲ.

ಸೋತವನು ಬೇರೆ ಅಂಗಳಕ್ಕೆ ಕರೆಯಬೇಕಷ್ಟೆ. ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’ಯನ್ನು ಹೇಳಿದೆ. ಗಿರೀಶ್ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು. 1986ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ಅದಕ್ಕೆ, ಅತ್ಯುತ್ತಮ ನಟನ ಪ್ರಶಸ್ತಿ ತಬರನಾದ ಚಾರುಹಾಸನ್‌ಗೆ. ಸರ್ಕಾರದ ಕೆಳದರ್ಜೆಯ ನೌಕರ, ನಿವೃತ್ತನಾಗಿ ಪಿಂಚಣಿಗೆ ಅಲೆಯುತ್ತಾನೆ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೆಯುತ್ತಾ ಹೋಗುತ್ತದೆ. ಕಾಗದ ಮೇಜಿನಿಂದ ಮೇಜಿಗೆ ನಿಧಾನ ನಡೆಯುತ್ತದೆ. ಗಾಯ ಮಾತ್ರ ಓಡುತ್ತದೆ.

ಅಕ್ಕ ಸೊಪ್ಪು ಕೆಳಗಿಟ್ಟರು. ನಾನು ಹುರುಪಿನಿಂದ, "ಈಗ ಹೇಳಿ, ಇಲ್ಲಿ ತಪ್ಪು ಯಾರದು? ತಬರ ಬಾಯಿ ಮುಚ್ಚಿಲ್ಲ, ಕೇಳಿದವರಿಗೆಲ್ಲ ಹೇಳಿಕೊಂಡಿದಾನೆ. ಆಫೀಸಿನ ಅಷ್ಟೂ ಜನದಲ್ಲಿ ಒಬ್ಬರಾದರೂ ಎದ್ದು ನಿಂತು ಕೆಲಸ ಮಾಡಿಕೊಡಬಹುದಿತ್ತಲ್ಲ?" ಅಂದೆ. ಅವರ ಪ್ರಶ್ನೆಯನ್ನೇ ಅವರ ಮೇಲೆ ಬಿಟ್ಟಿದ್ದೆ. ಗುಮಾಸ್ತರಿಗೆ ಇವತ್ತು ಗ್ರಹಚಾರ ಅಂತ ಕಾದೆ.

"ಪಾಪ, ಅವರಾದ್ರೂ ಏನ್ಮಾಡ್ತಾರೆ ಸಾರೂ? ಮೇಲಿಂದ ಕಾಗದ ಬರಬೇಕು."

ಚಾಮಯ್ಯ ಮೇಷ್ಟ್ರಿಗಿಲ್ಲದ ಕ್ಷಮೆ, ರಾಜಕುಮಾರರಿಗಿಲ್ಲದ ಕ್ಷಮೆ! ಆಮೇಲೆ ಹೊಳೆಯಿತು. ಅಕ್ಕನ ಮಗ ಗ್ರಾಮ ಸಚಿವಾಲಯದಲ್ಲಿದ್ದಾನೆ. ಆಂಧ್ರದಲ್ಲಿ ಈ ಸಚಿವಾಲಯಗಳು ಶುರುವಾದದ್ದು 2019ರಲ್ಲಿ. ಈಗ ಒಂದನೇ ತಾರೀಖು ಬೆಳಗಾದರೆ ವೃದ್ಧಾಪ್ಯ ಪಿಂಚಣಿಯ 4000 ರೂಪಾಯಿ ಹಿಡಿದು ಮನೆಮನೆಗೆ ಹೋಗುವುದು ಅಲ್ಲಿಯವರೇ.

"ಅದಕ್ಕೇ ಗುಮಾಸ್ತರ ಪರ ವಕಾಲತ್ತು! ನಿಮ್ಮ ಮಗ ಅಂತ" ಅಂದೆ.

"ನೀವು ಮೇಷ್ಟ್ರ ಪರ ನಿಂತಿದ್ದು ಮತ್ತ್ಯಾಕೆ?" ಅಂದರು ಅಕ್ಕ, ಒಂದು ಗಳಿಗೆಯೂ ತಡಮಾಡದೆ. "ಕೆಲಸ ಮಾಡಿ ಮಾಡಿ ಮುದುಕರ ಬೆರಳು ಸವೆದಿರ್ತಾವ. ಹೆಬ್ಬೆಟ್ಟು ಆ ಮಿಷನ್ ತಗೊಳ್ಳದಿದ್ರೆ ನನ್ನ ಮಗ ಎಲ್ಲಿಂದ ತಂದು ಕೊಡ್ಬೇಕು ದುಡ್ಡು?"

"ತಬರನ ಆಫೀಸಿನವರೂ ಇದೇ ಮಾತು ಹೇಳಿದ್ರು ಅಕ್ಕಾ."

"ಆ ಸಿನಿಮಾ ಫೋನಿನಾಗೆ ಸಿಗುತ್ತಾ?"

"ಹುಡುಕಬೇಕು."

"ಹುಡುಕಿ ಕೊಡ್ರಿ. ನನಗಲ್ಲ, ಅವನಿಗೆ" ಅಂದು ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದರು.