ಮೈನರ್ ಕೇಸು

ನ್ಯೂಜೆರ್ಸಿಯಿಂದ ಮೊಮ್ಮಗಳ ವಿಡಿಯೊ ಕಾಲ್. ಇತ್ತ ಮೈಸೂರಿನಲ್ಲಿ ತಾತ, ಕೋರ್ಟಿನ ನಿವೃತ್ತ ಶಿರಸ್ತೇದಾರರು.

"ತಾತಾ, ನಾನು ಮೈನರ್ ತಗೊಳ್ತಿದೀನಿ."

"ಹತ್ತೊಂಬತ್ತು ತುಂಬಿದ ಮೇಲೆ ಎಂಥ ಮೈನರೇ? ಕೋರ್ಟಲ್ಲಿ ನಿಲ್ಲಲ್ಲ."

"ಅದಲ್ಲ! ಬಯಾಲಜಿ ಮೇಜರ್, ಜೊತೆಗೆ ಫಿಲಾಸಫಿ ಮೈನರ್. ಐದಾರು ಕೋರ್ಸು ಅಷ್ಟೇ."

"ಓ, ಊಟದ ಜೊತೆ ಉಪ್ಪಿನಕಾಯಿ. ಮೆಡಿಕಲ್ ಕಾಲೇಜಿನವರು ಅದನ್ನ ನೋಡ್ತಾರಾ?"

"ಅರ್ಜೀಲಿ ಬರೀಬಹುದು. ಆದ್ರೆ ಅವರ ಕಣ್ಣೆಲ್ಲ ಜಿಪಿಎ ಮೇಲೆ, ಎಂಕ್ಯಾಟ್ ಪ್ರವೇಶ ಪರೀಕ್ಷೇಲಿ 528ಕ್ಕೆ ಎಷ್ಟು ಬಂತು ಅನ್ನೋದರ ಮೇಲೆ, ಆಸ್ಪತ್ರೇಲಿ ಎಷ್ಟು ಓಡಾಡಿದೀನಿ ಅನ್ನೋದರ ಮೇಲೆ. ಕೆಮಿಸ್ಟ್ರಿ, ಫಿಸಿಕ್ಸ್, ಬಯಾಲಜಿ ಕೋರ್ಸು ಮುಗಿಸಿದ್ರೆ ಮೇಜರ್ ಯಾವುದಾದ್ರೂ ನಡೆಯುತ್ತೆ."

"ಮೇಜರಿಗೇ ದಿಕ್ಕಿಲ್ಲ, ಮೈನರಿಗೆ ವಕಾಲತ್ತು!"

"ಅಪ್ಪ ಸ್ಟಾಟಿಸ್ಟಿಕ್ಸ್ ತಗೋ ಅಂತಾರೆ. ಡಾಕ್ಟರ್ ಆಗದಿದ್ರೆ ಕೆಲಸ ಹುಡುಕೋಕೆ ಆಗುತ್ತಂತೆ."

"ಕೆಲಸ ಕೊಡೋರು ಕೇಳ್ತಾರಾ?"

"ಎಕ್ಸೆಲ್, ಪೈಥಾನ್ ಬರುತ್ತಾ ಅಂತ ಕೇಳ್ತಾರೆ. ಎಷ್ಟೋ ಕಡೆ ಡಿಗ್ರಿ ಸರ್ಟಿಫಿಕೇಟಿನ ಮೇಲೆ ಮೈನರಿನ ಹೆಸರೇ ಇರಲ್ಲ, ಅಂಕಪಟ್ಟೀಲಿ ಮಾತ್ರ."

ತಾತ ಕನ್ನಡಕ ಒರೆಸಿಕೊಂಡರು. ಕಡತ ಕೈಗೆ ಬಂದರೆ ಷರಾ ಬರೆಯದೆ ಬಿಡುವ ಜಾಯಮಾನ ಅವರದಲ್ಲ.

"ಮತ್ತೆ ಈ ಫಿಲಾಸಫಿ ಯಾಕೆ?"

"ಇಷ್ಟ, ತಾತಾ."

"ಅಯ್ಯೋ, ಹಾಗಂತ ಅರ್ಜೀಲಿ ಬರೆದುಬಿಟ್ಟೀಯೆ! ರೋಗಿಯ ನೋವನ್ನು ಒಳಗಿನಿಂದ ಅರಿಯಲು ಅಂತ ಬರಿ."

"ಹಾಗೇ ಬರೆದಾಯ್ತು."

"ಭೇಷ್! ಈಗ ಮೇಜರ್ ಆದೆ ಕಣೇ. ತಡಿ, ಅಜ್ಜಿಗೆ ಕೊಡ್ತೀನಿ. ಸಂಗೀತದ ಕ್ಲಾಸು ಯಾಕೆ ಬಿಟ್ಟೆ ಅಂತ ಆಗಿಂದ ಗೊಣಗ್ತಿದಾಳೆ."