ದುಡ್ಡು ಕೊಟ್ಟು ತಂದ ನಡುಕ

ಪುಣೆಯಲ್ಲಿ ಗೋಡೆ ನಡುಗಿಸಿಕೊಳ್ಳಲು ಯಾರೂ ಕಾಸು ಬಿಚ್ಚಬೇಕಿಲ್ಲ. ಭಾದ್ರಪದ ಬಂದರೆ ಸಾಕು. ಗಣೇಶೋತ್ಸವದ ಡಿಜೆ ಟ್ರಕ್ಕು ಬೀದಿಗಿಳಿಯುತ್ತದೆ. ಕಿಟಕಿಯ ಗಾಜು, ಅಡುಗೆಮನೆಯ ಡಬ್ಬಿ, ಅಜ್ಜಿಯ ಎದೆ, ಎಲ್ಲವೂ ಒಂದೇ ತಾಳಕ್ಕೆ ಅದುರುತ್ತವೆ. ಪುಕ್ಕಟೆ.

ನಮ್ಮ ಸೊಸೈಟಿಯ ಐಟಿ ಮಹಾಶಯರಿಗೆ ಅಷ್ಟು ಸಾಲಲಿಲ್ಲ. ಮನೆಯಲ್ಲೇ ವರ್ಚುವಲ್ ಪಿನ್‌ಬಾಲ್ ಪೆಟ್ಟಿಗೆ ಕಟ್ಟಿಸಿದರು. ಅಂಗಾತ ಮಲಗಿಸಿದ ಟಿವಿ, ಒಳಗೊಂದು ಕಂಪ್ಯೂಟರ್, ಎರಡು ಪಕ್ಕಕ್ಕೂ ಗುಂಡಿ. ನಿಜವಾದ ಯಂತ್ರದಲ್ಲಿ 80 ಗ್ರಾಂ ತೂಕದ ಉಕ್ಕಿನ ಗುಂಡು ಓಡುತ್ತದೆ, ಮರ ತಾನಾಗಿ ಅದುರುತ್ತದೆ. ಇಲ್ಲಿ ಗುಂಡೇ ಇಲ್ಲ. ಆ ಇಲ್ಲದ ಗುಂಡು ಅಂಗೈಗೆ ತಾಗಬೇಕಂತೆ!

ಸರಿ, ಬುಧವಾರ ಪೇಠೆಯ ತಪ್ಕೀರ್ ಗಲ್ಲಿಗೆ ತೀರ್ಥಯಾತ್ರೆ. 7.1 ಸೌಂಡ್ ಕಾರ್ಡು, ಆಂಪ್ಲಿಫೈಯರು, ನಾಲ್ಕು ಎಕ್ಸೈಟರು. ಎಕ್ಸೈಟರ್ ಅಂದರೆ ಕೋನ್ ಇಲ್ಲದ ಸ್ಪೀಕರು; ಹಲಗೆಗೆ ಅಂಟಿಸಿದರೆ ಹಲಗೆಯೇ ನಡುಗಿ ಸದ್ದು ಮಾಡುತ್ತದೆ. ಎರಡು ಚಾನೆಲ್ ಮೇಲಿನ ಸ್ಪೀಕರುಗಳಿಗೆ, ಅದು ಹಾಡಿನ ಪಾಲು. ನಾಲ್ಕು ಚಾನೆಲ್ ಪೆಟ್ಟಿಗೆಯ ನಾಲ್ಕು ಮೂಲೆಗೆ. ತಳಕ್ಕೆ ಬಾಸ್ ಶೇಕರು. ಗುಂಡು ಎಡಕ್ಕೆ ಹೊರಳಿದರೆ ಎಡಗೈ ಜುಮ್ಮೆನ್ನಬೇಕು. ಮೊದಲು ಬಲಗೈ ಜುಮ್ಮೆಂದಿತು. ವೈರು ಅದಲುಬದಲು. ಅದನ್ನು ಹುಡುಕಲು ತೋರಿದ ಶ್ರದ್ಧೆಯಲ್ಲಿ ಕಾಲುಭಾಗ ಸೊಸೈಟಿಯ ಸೋರುವ ಟ್ಯಾಂಕಿಗೆ ಸಿಕ್ಕಿದ್ದರೆ!

ಇದೇ ಮಹಾಶಯರು ಡಿಜೆ ವಿರುದ್ಧ ಮನೆಮನೆಗೆ ಹೋಗಿ ಸಹಿ ಹಾಕಿಸಿದವರು. ನಿಯಮ ಬಾಯಿಪಾಠ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಆ ನಿಯಮ 2000ದ್ದು. ಪೆಟ್ಟಿಗೆಯೊಳಗೆ ಆಟ ಓಡಿಸುವ ವಿಷುಯಲ್ ಪಿನ್‌ಬಾಲ್ ತಂತ್ರಾಂಶವೂ 2000ದ್ದೇ. ಮಹಾಶಯರು ಎರಡಕ್ಕೂ ನಿಷ್ಠರು: ಒಂದು ಪರರಿಗೆ, ಇನ್ನೊಂದು ತಮಗೆ.

ಸರ್ಕಾರವೂ ಇವರ ಅಣ್ಣನೇ. ಗದಗಿನ ಭೀಮಸೇನ ಜೋಶಿ ಗುರುವಿನ ಹೆಸರಲ್ಲಿ ಬೆಳೆಸಿದ ಸವಾಯಿ ಗಂಧರ್ವ ಉತ್ಸವ ಒಂದು ಕಾಲಕ್ಕೆ ಬೆಳಗಿನ ತನಕ ನಡೆಯುತ್ತಿತ್ತು. ನಿಯಮ ಬಂತು, ನಡುರಾತ್ರಿಯ ದರ್ಬಾರಿ ರಾಗಕ್ಕೆ ಹತ್ತು ಗಂಟೆಗೇ ಬೀಗ. ಬೇಕೆನಿಸಿದಾಗ ವರ್ಷಕ್ಕೆ 15 ದಿನ ಹನ್ನೆರಡರ ತನಕ ಸಡಿಲಿಸುವ ಬೀಗದಕೈ ಮಾತ್ರ ಸರ್ಕಾರದ ಕಿಸೆಯಲ್ಲಿದೆ. ಡಿಜೆಯವರಿಗೆ ಆ ಕಿಸೆಯ ದಾರಿ ಚೆನ್ನಾಗಿ ಗೊತ್ತು.

ರಾತ್ರಿ ಹನ್ನೊಂದಕ್ಕೆ ಶೇಕರು ಗುಡುಗುತ್ತದೆ. ಸ್ಲ್ಯಾಬು ಅದನ್ನು ಕೆಳಗಿನ ಮನೆಗೆ ನಿಷ್ಠೆಯಿಂದ ತಲುಪಿಸುತ್ತದೆ. ಅಲ್ಲಿನ ಆಜೋಬಾ, ಅಂದರೆ ಅಜ್ಜ, ಪಂಪು ಕೆಟ್ಟಿತೆಂದು ವಾಚ್‌ಮನ್‌ನನ್ನು ಎಬ್ಬಿಸುತ್ತಾರೆ. ಕೇಳಿದರೆ ಮಹಾಶಯರು ನಗುತ್ತಾರೆ. ಡಿಜೆಯದು ಗದ್ದಲ, ಇವರದು ಹವ್ಯಾಸ.

ಈಗ ಪೆಟ್ಟಿಗೆಯ ಕಾಲಿಗೆ ರಬ್ಬರ್ ಹಾಕಿಸುತ್ತಿದ್ದಾರೆ. ಆಜೋಬಾಗಾಗಿ ಅಲ್ಲ. ನಡುಕ ನೆಲಕ್ಕೆ ಸೋರಿದರೆ ಅಂಗೈಗೆ ಕಡಿಮೆ ಬೀಳುತ್ತದಂತೆ.