ಬಡ್ಡಿಯ ಬಿ

ನಿಪ್ಪಾಣಿ ಹೆಸರಾದದ್ದು ತಂಬಾಕಿನಿಂದ. ಕನ್ನಡದಲ್ಲಿ ತಂಬಾಕು ಬರೆಯಲು ಯಾರೂ ತಲೆ ಕೆರೆದುಕೊಳ್ಳುವುದಿಲ್ಲ. ಇಂಗ್ಲಿಷಿನ ಟೊಬ್ಯಾಕೋ ಬರೆಯಹೋದಾಗ ಮಾತ್ರ ಪೆನ್ನು ನಿಲ್ಲುತ್ತದೆ: ಬಿ ಎರಡೋ, ಸಿ ಎರಡೋ? ಬಿ ಒಂದೇ, ಸಿ ಎರಡು. ಊರಿನ ಹೆಸರಿಗಂತೂ ಒಂದು ಪಿ ಹಾಕುವವರೂ ಇದ್ದಾರೆ, ಎರಡು ಹಾಕುವವರೂ ಇದ್ದಾರೆ. ಪಕ್ಕದ ಚಿಕ್ಕೋಡಿಯದೂ ಅದೇ ಹಾಡು. ಲೋಕಸಭಾ ಕ್ಷೇತ್ರಕ್ಕೆ ಎರಡು ಕೆ, ‘ಚಿಕ್ಕೋಡಿ ರೋಡ್’ ರೈಲು ನಿಲ್ದಾಣಕ್ಕೆ ಒಂದೇ. ರೈಲ್ವೆಯವರು ಬಣ್ಣ ಉಳಿಸಿರಬೇಕು!

ರಾಯಬಾಗದ ಕಡೆ ಎಲ್ಲಿ ನೋಡಿದರೂ ಕಬ್ಬು. ಶುಗರ್ ಎನ್ನುತ್ತೇವೆ, ಬರೆದರೆ ಎಸ್ ಪಕ್ಕ ಎಚ್ ಇಲ್ಲ. ಕಬ್ಬಿನ ಬಿಲ್ಲು ಬರುವ ತನಕ ರೈತನಿಗೆ ಗತಿ ಸಾಲ, ಅಂದರೆ ಡೆಟ್. ಅದರಲ್ಲೊಂದು ಮೂಕ ಬಿ ಕೂತಿದೆ. ಫ್ರೆಂಚಿನಿಂದ ಬಂದಾಗ ಇರಲಿಲ್ಲ. ಲ್ಯಾಟಿನ್ ಮೂಲ ನೆನಪಿಸಲು ಪಂಡಿತರು ಆಮೇಲೆ ತುರುಕಿದರು. ಕೇಳದೆ ಸೇರಿಕೊಂಡಿದೆ ಅಂದಮೇಲೆ ಬಡ್ಡಿಯ ಬಿ ಅಂತಲೇ ನನ್ನ ಗುಮಾನಿ.

ಅಥಣಿಯ ಣಕಾರಕ್ಕೆ ಇಂಗ್ಲಿಷಿನಲ್ಲಿ ಅಕ್ಷರವೇ ಇಲ್ಲ. ಹೊರಗಿನವರು ಅತಾನಿ ಅಂತ ಕೇಳಿದರೆ ಕಂಡಕ್ಟರ್ ಕಾಗವಾಡದಲ್ಲೇ ಇಳಿಸಿಯಾನು. ಬರುವವರು ದಯವಿಟ್ಟು ಬಸ್ಸಿನ ಬೋರ್ಡಿನ ಕನ್ನಡ ಓದಿಕೊಂಡೇ ಹತ್ತಿರಿ.